ಸೊಣ್ಣಮ್ಮನ ಐದನೇ ತುದಿ

ಬಾಗಲಗುಂಟೆಯಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿದ ಸೊಣ್ಣಮ್ಮ ಮೂರು ವರ್ಷ ಆ ಮನೆಯ ತಾರಸಿಯನ್ನೇ ನೋಡಿರಲಿಲ್ಲ ಎಂದರೆ ಯಾರಾದರೂ ನಗುತ್ತಾರೆ. ಆದರೆ ನಿಜ. ಎಂಬತ್ತೆಂಟು ಕೆಜಿ ತೂಕ, ಸಕ್ಕರೆ ಕಾಯಿಲೆ, ಜೊತೆಗೆ ಮಂಡಿ ನೋವು. ಸಂಡಿಗೆ ಒಣಗಿಸಲು ಸೊಸೆಯೇ ಮೇಲೆ ಹೋಗಬೇಕು, ಟ್ಯಾಂಕು ತುಂಬಿ ಹರಿದರೆ ಇವಳು ಕೆಳಗಿನಿಂದಲೇ ಕೂಗಬೇಕು.

ಮೇಲಿನ ಮನೆಗೆ ವಿಜಯಪುರ ಕಡೆಯ ರತ್ನಕ್ಕ ಬಾಡಿಗೆಗೆ ಬಂದಳು. ಒಂದು ದಿನ ಮೆಟ್ಟಿಲ ತಲೆಯಲ್ಲಿ ನಿಂತು ಕರೆದಳು.

"ಅಮ್ಮಾರ, ಬಿಸಿ ರೊಟ್ಟಿ, ಎಣಗಾಯಿ ಮಾಡೀನಿ. ಕೆಳಗ ತಂದು ಕೊಡಂಗಿಲ್ಲ. ತಿನ್ನೂದಿದ್ರ ಮ್ಯಾಲ ಬರ್ರಿ."

"ನನ್ ಮನೇಲೇ ಇದ್ಕಂಡು ನಂಗೇ ಉಕುಂ ಮಾಡ್ತೀಯಾ?"

ಬೈಯುತ್ತಲೇ ಸೊಣ್ಣಮ್ಮ ಹತ್ತಿದಳು. ನಾಲ್ಕು ಕಡೆ ಕುಳಿತಳು, ಎರಡು ಸಲ ದೇವರನ್ನು ಕರೆದಳು, ಕಡೆಗೆ ರೊಟ್ಟಿ ತಿಂದೇ ಇಳಿದಳು. ಅಲ್ಲಿಂದ ಶುರು. ದಿನಾ ಬೆಳಗ್ಗೆ ಕೆರೆಯ ಸುತ್ತ ಇಬ್ಬರ ನಡಿಗೆ. ಎರಡು ವರ್ಷದಲ್ಲಿ ತೂಕ ಎಪ್ಪತ್ತಕ್ಕೆ ಇಳಿದಾಗ ಸೊಣ್ಣಮ್ಮ ತಾನೇ ಒಂದು ಪಣ ತೊಟ್ಟಳು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದಿದೆ. ಬರುವ ಜನವರಿ ಒಂದಕ್ಕೆ ಅರವತ್ತೈದು. ಅಷ್ಟರೊಳಗೆ ಐದು ಬೆಟ್ಟ, ಕಾಲಲ್ಲೇ ಹತ್ತಬೇಕು, ತುದಿಯ ಬಂಡೆಯನ್ನು ಎಮ್ಮೆ ಬೆನ್ನು ತಟ್ಟಿದ ಹಾಗೆ ಮೂರು ಸಲ ತಟ್ಟಬೇಕು.

ನಂದಿಯನ್ನು ಮೆಟ್ಟಿಲ ದಾರಿಯಲ್ಲೇ ಹತ್ತಿದಳು. ಚನ್ನಗಿರಿ, ಶಿವಗಂಗೆ, ಸ್ಕಂದಗಿರಿ ಆದವು. ಡಿಸೆಂಬರ್ ಮೊದಲ ವಾರ ಸಾವನದುರ್ಗವೂ ಆಯಿತು. ಐದು!

ಡಿಸೆಂಬರ್ ಕೊನೆಯ ಭಾನುವಾರ ವಾಕಿಂಗ್ ಗೆಳೆಯರು ಕೆರೆಯ ಪಕ್ಕ ಸನ್ಮಾನ ಇಟ್ಟುಕೊಂಡರು. ಬೆಟ್ಟಗಳ ಫೋಟೋ ಹಾಕಿದ ಫ್ಲೆಕ್ಸು, ಗಂಧದ ಹಾರ, ಜರಿ ಅಂಚಿನ ಕೆಂಪು ಶಾಲು. ಬಳಗದ ಮುಂದಾಳು ಅಶ್ವತ್ಥ್ ಶಾಲು ಹೊದಿಸಿದ್ದೇ ತಡ, ಹಿಂದಿನ ಸಾಲಿನಿಂದ ಮುನಿಆಂಜಿನಪ್ಪ ಎದ್ದು ಬಂದ. ಚನ್ನಗಿರಿಯ ಬುಡದ ಹಳ್ಳಿಯಲ್ಲಿ ಮೇಕೆ ಮೇಯಿಸಿ ಬೆಳೆದ ಮುದುಕ. ಫ್ಲೆಕ್ಸಿನ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡ.

"ತಾಯೀ, ಕೋಪ ಮಾಡ್ಕಬ್ಯಾಡ. ಇದು ಚನ್ನಗಿರಿ ತುದಿ ಅಲ್ಲ. ನಾವು ಮೇಕೆ ಮಲಗಿಸ್ತಿದ್ದ ಬಂಡೆ. ತುದಿ ಇನ್ನೂ ಮ್ಯಾಕೈತೆ."

ಜನ ಗೊಳ್ಳೆಂದು ನಕ್ಕರು. ರತ್ನಕ್ಕನ ಮುಖ ಸಣ್ಣಗಾಯಿತು. "ಅವತ್ತ ಮಂಜು ಭಾಳ ಇತ್ರಿ. ಮುಂದ ಏನೂ ಕಾಣವಲ್ದಾಗಿತ್ತು. ಇದ ತುದಿ ಅಂತ ನಾನ ಅಂದೆ."

ಅಶ್ವತ್ಥ್ ಸಮಾಧಾನ ಮಾಡಿದ. "ಬಿಡಿ ತಾತ, ಮುಕ್ಕಾಲು ಹತ್ತಿದ್ರೂ ಹತ್ತಿದ್ದೇ ಅಲ್ವಾ?"

"ಮುಕ್ಕಾಲು ಬೆಂದಿರೋ ಮುದ್ದೆ ತಿಂತೀಯೇನಪ್ಪಾ ನೀನು?" ಎಂದ ಸೊಣ್ಣಮ್ಮ ಶಾಲು ತೆಗೆದು, ಮಡಿಸಿ, ಅವನ ಕೈಗೇ ಇಟ್ಟಳು. ನಾಚಿಕೊಳ್ಳದೆ ಬೆರಳು ಮಡಿಸಿ ಲೆಕ್ಕ ಹಾಕಿದಳು. ನಾಲ್ಕೂಮುಕ್ಕಾಲು ಬೆಟ್ಟ ಅಂತ ಯಾರಾದರೂ ಎಣಿಸುತ್ತಾರೆಯೇ? ಇನ್ನು ಮೂರು ದಿನ ಇದೆ!

"ತುದಿ ಮುಟ್ಟಿದ್ದು ನಿಂಗೆ ಎಂಗೆ ಗೊತ್ತಾಗ್ತದೆ ಮುನಿಯಣ್ಣ?"

"ಬಂಡೆ ತಾವ ನಿಂತ್ರೆ ಕೆಳಕ್ಕೆ ಕಾಣಾಕಿಲ್ಲ. ತುದೀಲಿ ನಿಂತ್ರೆ ನಮ್ಮೂರ ಅರಳಿಕಟ್ಟೆಗೇ ಕಾಣ್ತದೆ. ನಾನ್ ಅಲ್ಲೇ ಕುಂತಿರ್ತೀನಿ, ಓಗು."

ಬುಧವಾರ, ಡಿಸೆಂಬರ್ ಮೂವತ್ತೊಂದು. ಸೀರೆಯನ್ನು ಎತ್ತಿ ಕಟ್ಟಿ, ಸೊಸೆಯ ಶೂ ಹಾಕಿಕೊಂಡು ಸೊಣ್ಣಮ್ಮ ರತ್ನಕ್ಕನ ಜೊತೆ ಹೊರಟಳು. ಮುನಿಆಂಜಿನಪ್ಪ ಬೀಡಿ ಹಚ್ಚಿ ಕಟ್ಟೆಯ ಮೇಲೆ ಕುಳಿತ. ಅಂದು ಮಂಜಿರಲಿಲ್ಲ. ಮೇಕೆ ಬಂಡೆ ತಲುಪಿದಾಗ ಬಿಸಿಲು ಚೆನ್ನಾಗಿ ಏರಿತ್ತು, ಮಂಡಿ ಕೂಗುತ್ತಿತ್ತು. ನೋಡಿದರೆ ಪೊದೆಯ ಹಿಂದೆ ಕಾಲುದಾರಿ, ಅದರ ಮೇಲೆ ಗೋಡೆಯಂಥ ಕಲ್ಲು, ಅದರಾಚೆ ಬರೀ ಆಕಾಶ.

"ಅಯ್ಯೋ, ಇಷ್ಟೇ ದೂರದಾಗೆ ಕುಂತು ಚಿತ್ರಾನ್ನ ತಿಂದು ಬಂದಿದೀವಲ್ಲೇ!"

ಗೋಡೆಯಂಥ ಕಲ್ಲಿನ ಮಧ್ಯದಲ್ಲಿ ಕಾಲು ಜಾರಿತು. ಸೊಣ್ಣಮ್ಮ ಎರಡೂ ಕೈ ಊರಿ ಹಲ್ಲಿಯ ಹಾಗೆ ಅಂಟಿಕೊಂಡಳು.

"ಹಿಂದಿಂದ ತಳ್ಳಲೇನ್ರಿ ಅಮ್ಮಾರ?"

"ಮುಟ್ಟಿದ್ರೆ ನೋಡು, ನಾಳೆಯಿಂದ ಮೋಟ್ರು ಆಕಲ್ಲ!"

ರತ್ನಕ್ಕ ನಗು ತಡೆಯಲಾರದೆ ಅಲ್ಲೇ ಕುಸಿದಳು. ಸೊಣ್ಣಮ್ಮನಿಗೂ ನಗು ಬಂತು, ನಗುತ್ತಲೇ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಕೂಸಿನ ಹಾಗೆ ಅಂಬೆಗಾಲಿಟ್ಟು ಹತ್ತಿ ನಿಂತಳು. ಎದುರಿಗೆ ಹತ್ತಲು ಏನೂ ಉಳಿದಿರಲಿಲ್ಲ. ಗಾಳಿ ಸೆರಗನ್ನು ಕಿತ್ತುಕೊಂಡು ಹೋಗುವಂತೆ ಬೀಸಿತು. ಬಗ್ಗಿ ಬಂಡೆಯನ್ನು ತಟ್ಟಿದಳು. ಒಂದು. ಎರಡು. ಮೂರು.

ರತ್ನಕ್ಕ ಚೀಲದಿಂದ ಕೆಂಪು ಶಾಲು ತೆಗೆದಳು. ಅಶ್ವತ್ಥನ ಕೈಯಿಂದ ಗುಟ್ಟಾಗಿ ಇಸಿದುಕೊಂಡು ತಂದಿದ್ದಳು.

"ಕಳ್ಳೀ!" ಎಂದು ಸೊಣ್ಣಮ್ಮ ಅದನ್ನು ಕಿತ್ತುಕೊಂಡಳು. ಹೊದೆಯಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೀಸತೊಡಗಿದಳು. ಕೆಳಗೆ ಅರಳಿಮರ ಕೊತ್ತಂಬರಿ ಕಟ್ಟಿನಷ್ಟಿತ್ತು. ಬೀಸಿದಳು, ಬೀಸಿದಳು, ರಟ್ಟೆ ಸೋತರೂ ಬೀಸಿದಳು.

ರತ್ನಕ್ಕನ ಫೋನು ಹೊಡೆದುಕೊಂಡಿತು. ಗಾಳಿಯ ನಡುವೆಯೂ ಮುನಿಆಂಜಿನಪ್ಪನ ಕೂಗು ಹೊರಗೇ ಕೇಳಿಸಿತು.

"ಕಾಣ್ತಾ ಅವ್ಳೆ! ಕೆಂಪುಗೆ ಕಾಣ್ತಾ ಅವ್ಳೆ! ಏ ಸೊಣ್ಣಮ್ಮಾ, ಈಗ ಒದ್ಕಳವ್ವಾ ಶಾಲ್ನ!"