ಇಟ್ಟೋ ಎಂಬ ಹಲ್ಲು

ಅಟ್ಲಾಸ್ ಬೆಟ್ಟಸಾಲಿನ ಐತ್ ಬೂಗ್ರಾದಲ್ಲಿ ತೂದಾಳನ್ನು ಕಂಡರೆ ಸತ್ತ ಪ್ರಾಣಿಗಳೂ ಬಾಯಿ ತೆರೆಯುತ್ತಿದ್ದವು. ಪಟ್ಟಣದ ಕಾಲೇಜಿನಲ್ಲಿ ಪಳೆಯುಳಿಕೆಗಳ ಪಾಠ ಹೇಳುತ್ತಿದ್ದ ಅವಳು, ರಸ್ತೆಯಲ್ಲಿ ಸತ್ತ ಮುಳ್ಳುಹಂದಿಗಳನ್ನು ಹೊತ್ತು ತಂದು, ತಲೆ ಬೇಯಿಸಿ, ದವಡೆ ಬಿಡಿಸಿ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದಳು. ಆ ವಾಸನೆಗೆ ಪಕ್ಕದ ಬೆಟ್ಟ ಎರಡು ಮಾರು ಹಿಂದೆ ಸರಿದದ್ದು ಊರಿಗೇ ಗೊತ್ತು.

ಊರ ಹಿಂದಿನ ದಿಬ್ಬದಲ್ಲಿ ಅವಳಿಗೆ ಸಿಕ್ಕಿದ್ದು ಒಂದೇ ಒಂದು ಹಲ್ಲು. ಕಡಲೆಕಾಳಿನಷ್ಟಿತ್ತು, ಕಲ್ಲಾಗಿತ್ತು. ಮುಳ್ಳುಹಂದಿಯದೇ, ಅನುಮಾನವಿಲ್ಲ. ಆದರೆ ಕಿಟಕಿಯ ದವಡೆಗಳ ಹಲ್ಲಿನಲ್ಲಿ ಅಂಚಿನಿಂದ ಒಳಕ್ಕೆ ಹೋದ ಮಡಿಕೆಗಳಿದ್ದರೆ, ಇದರ ಮೇಲೆ ಬರೀ ಪುಟ್ಟ ಉಂಗುರಗಳು. ಯಾರೂ ಕಾಣದ ಹೊಸ ಪ್ರಭೇದವಿರಬಹುದು, ಹಾಗಿದ್ದರೆ ಅದಕ್ಕೊಂದು ಹೆಸರಿಡಬೇಕು ಎಂದು ಅವಳು ಚಿಕ್ಕಪ್ಪ ಬಾಸ್ಸೂನ ಮುಂದೆ ಬಾಯಿಬಿಟ್ಟಳು. ಕೆಟ್ಟದ್ದು ಅಲ್ಲೇ.

ನಮ್ಮಲ್ಲಿ ಕೂಸು ಹುಟ್ಟಿದ ಏಳನೇ ದಿನ ಟಗರು ಕೊಯ್ಯುತ್ತ ಹೆಸರು ಹೇಳುತ್ತಾರೆ. ಹೇಳಿದ ಮೇಲೆ ಹಿಂದಕ್ಕೆ ಪಡೆಯುವಂತಿಲ್ಲ. ಹಲ್ಲು ಸಿಕ್ಕ ಏಳನೇ ದಿನ ಬಾಸ್ಸೂ ಟಗರಿನ ಕತ್ತಿಗೆ ಚೂರಿಯಿಟ್ಟು, ತೀರಿಹೋದ ತನ್ನ ತಾಯಿಯ ಹೆಸರು ಹೇಳಿಯೇಬಿಟ್ಟ: ಇಟ್ಟೋ. ಆ ಟಗರು ಬದುಕಿದ್ದಾಗ ಅದರ ನೆರಳಲ್ಲಿ ಅರ್ಧ ಊರು ಮಲಗುತ್ತಿತ್ತು.

"ನೆಂಟರಿಲ್ಲದೆ ಹೆಸರಿಡೋದುಂಟೇನೆ? ತಗೋ, ಇವಳ ಕಡೆಯವರೊಬ್ಬರನ್ನ ಕರಕೊಂಡು ಬಂದಿದ್ದೀನಿ," ಎಂದು, ತನ್ನ ಬೇಲಿಯ ಬಳಿ ಮುಪ್ಪಾಗಿ ಸತ್ತಿದ್ದ ಮುಳ್ಳುಹಂದಿಯೊಂದರ ತಲೆಯನ್ನು ಚೀಲದಿಂದ ತೆಗೆದು ತೂದಾಳ ಕೈಗಿಟ್ಟ.

ಮರುದಿನ ಆ ದವಡೆಯನ್ನು ಮಸೂರದ ಕೆಳಗಿಟ್ಟ ತೂದಾ ಕುಡಿಯುತ್ತಿದ್ದ ಪುದೀನ ಟೀ ಮರೆತಳು. ಸವೆದ ಹಲ್ಲಿನ ಮೇಲೆ ಅವೇ ಉಂಗುರಗಳು. ರಸ್ತೆಯಲ್ಲಿ ಸಿಕ್ಕಿದವೆಲ್ಲ ಎಳೆಯವು. ಇಷ್ಟು ಸವೆಯುವವರೆಗೆ ಬದುಕಿದ್ದನ್ನು ಅವಳು ನೋಡಿಯೇ ಇರಲಿಲ್ಲ. ಅಗಿದು ಅಗಿದು ಮಡಿಕೆಗಳ ಬಾಯಿ ಮುಚ್ಚಿದರೆ ಉಂಗುರವಾಗುತ್ತದೆ. ಉಂಗುರ ಹೇಳುತ್ತಿದ್ದುದು ವಯಸ್ಸನ್ನು. ಒಂದೇ ಹಲ್ಲಿನಿಂದ ಅದಕ್ಕಿಂತ ಮುಂದೆ ಹೋಗುವಂತಿರಲಿಲ್ಲ. ಅಂದಮೇಲೆ ಅಜ್ಜಿಯ ಹೆಸರಿಡಲು ಹೊಸ ಪ್ರಭೇದವೂ ಇರಲಿಲ್ಲ.

ಚಿಕ್ಕಪ್ಪನನ್ನು ಕರೆಸಿದಳು.

"ಇವಳು ಹೊಸಬಳಲ್ಲ, ಚಿಕ್ಕಪ್ಪ. ಬರೀ ಮುದುಕಿ. ಯಾವ ಕುಲದವಳೋ ಹೇಳೋಕಾಗಲ್ಲ," ಎಂದು ಕಲ್ಲಿನ ಹಲ್ಲನ್ನು ಮಸೂರದ ಕೆಳಗಿಟ್ಟಳು.

"ತಿಂದ ಟಗರಿಗೆ ಏನನ್ನಲಿ? ಎದ್ದು ಮನೆಗೆ ಹೋಗು ಅನ್ನಲೇ?" ಎನ್ನುತ್ತ ಬಾಸ್ಸೂ ಮಸೂರಕ್ಕೆ ಕಣ್ಣಿಟ್ಟ. ಟೀ ಆರುವವರೆಗೂ ಕಣ್ಣು ಕೀಳಲಿಲ್ಲ.

"ಅಮ್ಮನ ಹಲ್ಲೂ ಕೊನೆಗೆ ಹೀಗೇ ಆಗಿತ್ತು," ಎಂದ. "ಇವಳು ಯಾವ ಕಾಲದವಳೇ?"

ಈ ಕಣಿವೆಗೆ ಮೊದಲ ಮನುಷ್ಯ ಕಾಲಿಡುವುದಕ್ಕೂ ಮುಂಚಿನವಳು ಎಂದಳು ತೂದಾ. ತೋಟವಿಲ್ಲದಾಗ, ಬೇಲಿಯಿಲ್ಲದಾಗ, ಬೈದು ಓಡಿಸುವವರೂ ಇಲ್ಲದಾಗ, ಇದೇ ದಿಬ್ಬದಲ್ಲಿ ಗೆಡ್ಡೆ ಅಗೆದು ತಿಂದು ಮುಪ್ಪಾದವಳು. ಹೇಳುತ್ತ ಹೇಳುತ್ತ ಅವಳ ದನಿಯೇ ತಗ್ಗಿತು; ಒಂದಿಡೀ ಬದುಕಿನ ಊಟ ಆ ಕಾಳಿನಷ್ಟು ಕಲ್ಲಿನ ಮೇಲಿತ್ತು.

"ಕುಲಕ್ಕೆ ಬೇಡ ಬಿಡು," ಎಂದ ಬಾಸ್ಸೂ. "ಹೆಸರು ಇವಳೊಬ್ಬಳಿಗೇ ಇರಲಿ."

ಹೊರಗೆ ಹೋಗಿ, ಹೂಜಿಯ ನೀರಿನಲ್ಲಿ ಮೊಣಕೈವರೆಗೆ ತೊಳೆದುಕೊಂಡು ಬಂದು, ಕೂಸನ್ನು ಎತ್ತಿಕೊಳ್ಳುವವನಂತೆ ಎರಡೂ ಅಂಗೈ ಜೋಡಿಸಿ ಹಲ್ಲಿನತ್ತ ಚಾಚಿದ.