ಅಲಸಂದಿ ಬೇರು ಮತ್ತು ತಂಗಿಯ ಕೈಗುಣ

ತೇರಗಾಂವದಲ್ಲಿ ನಮ್ಮ ಮನೆತನಕ್ಕೆ ಎರಡು ಹೊಲ. ಒಂದು ನನಗೆ, ಒಂದು ತಂಗಿಗೆ. ಹಂಚುವ ಹೊತ್ತಿಗೆ ಅಪ್ಪ ನನ್ನ ಸ್ವಭಾವವನ್ನು ಚೆನ್ನಾಗಿ ಅರಿತಿದ್ದ. ಅದಕ್ಕೇ ಪ್ರತಿ ಯುಗಾದಿಗೆ ಹೊಲ ಅದಲುಬದಲಾಗಬೇಕೆಂದು ಕಟ್ಟು ಹಾಕಿದ; ಒಳ್ಳೆಯದು ತನಗೆ ಬರಲಿಲ್ಲವೆಂದು ಯಾರೂ ಅಳಬಾರದು. ತಂಗಿಯನ್ನು ಊರಲ್ಲೇ ಕೊಟ್ಟಿದ್ದರಿಂದ ಅದು ಸಲೀಸಾಗಿ ನಡೆಯುತ್ತಿತ್ತು.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಊರಿಗೆ ಬಂದ ಕೃಷಿ ಸಾಹೇಬರ ಮಾತನ್ನು ಕೊನೆಯವರೆಗೆ ಕೇಳಿದವನು ನಾನೊಬ್ಬನೇ. ಉಳಿದವರು ಉಪ್ಪಿಟ್ಟು ಮುಗಿದೊಡನೆ ಎದ್ದಿದ್ದರು. ಅಲಸಂದಿ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ, ಕಾಯಿ ಬಿಡಿಸಿದ ಮೇಲೆ ಹಸಿ ಬಳ್ಳಿಯನ್ನು ಮಣ್ಣಿಗೆ ಸೇರಿಸಿದರೆ ಮುಂದಿನ ಬೆಳೆಗೆ ಯೂರಿಯಾ ಕಡಿಮೆ ಸಾಕು ಎಂದರು. ಮುಂದಿನ ಬೆಳೆಗೆ. ಅಲ್ಲಿಯೇ ನನ್ನ ಬುದ್ಧಿ ಚುರುಕಾಯಿತು. ನನ್ನ ಹೊಲದ ಮುಂದಿನ ಬೆಳೆ ತಂಗಿಯದಲ್ಲವೇ?

ಆ ವರ್ಷ ಯುಗಾದಿಗೆ ಮುಂಚೆ ನನ್ನ ಹೊಲದ ಅಲಸಂದಿ ಬಳ್ಳಿಯನ್ನೆಲ್ಲ ಬೇರುಸಮೇತ ಕಿತ್ತೆ. ಬೇರಿಗೆ ಅಂಟಿದ ಮಣ್ಣನ್ನು ಮಾತ್ರ ಧರ್ಮಕ್ಕೆಂದು ಅಲ್ಲೇ ಝಾಡಿಸಿದೆ. ಬಳ್ಳಿ ನನ್ನ ಎಮ್ಮೆಗೆ, ಸಗಣಿ ನನ್ನ ತಿಪ್ಪೆಗೆ. ಸಾಹೇಬರ ತರಬೇತಿ ಇಷ್ಟು ಪೂರ್ತಿಯಾಗಿ ಇನ್ನಾರಿಗೂ ಉಪಯೋಗವಾಗಿರಲಿಕ್ಕಿಲ್ಲ.

ತಂಗಿ ತನ್ನ ಬಳ್ಳಿಯನ್ನೆಲ್ಲ ರಂಟೆ ಹೊಡೆದು ಉತ್ತು ಮಣ್ಣಿನಲ್ಲಿ ಮುಚ್ಚಿದ್ದಳು.

"ನಿಮ್ಮ ಎಮ್ಮಿಗೆ ಒಂದ್ ಹೊರೀನೂ ಇಟ್ಕೊಳ್ಳಿಲ್ಲೇನು?" ಎಂದೆ.

"ನಾಳೆ ನೀ ಬಿತ್ತೂ ಹೊಲ ಅಲ್ಲೇನಣ್ಣಾ ಅದು," ಎಂದಳು.

ನಾನು ಕಿಸೆಯಲ್ಲಿ ಬೀಡಿ ಹುಡುಕಿದೆ.

ಮಳೆಗಾಲದಲ್ಲಿ ಇಬ್ಬರೂ ಗೋವಿನಜೋಳ ಹಾಕಿದೆವು. ನನ್ನದು ಕಪ್ಪು ಹಸಿರು. ಅವಳದು ಕಾಮಾಲೆ ಹಿಡಿದ ಹಾಗೆ. ಚಹಾದಂಗಡಿಯಲ್ಲಿ ನನ್ನನ್ನು ಬೆಂಚಿನ ನಡುವೆ ಕೂರಿಸತೊಡಗಿದರು. ಮಣ್ಣಿನ ಮೇಲೆ ಪ್ರೀತಿ ಇರಬೇಕು ಎಂದು ನಾನು ದಿನಾ ಹೇಳುತ್ತಿದ್ದೆ, ಅವರು ತಲೆದೂಗುತ್ತಿದ್ದರು.

ಒಂದು ದಿನ ತಂಗಿ ಬಂದಳು. "ಅಣ್ಣಾ, ನಾ ಏನ್ ತಪ್ಪ ಮಾಡೇನಿ?"

ಆಗಲೇ ಹೇಳಬಹುದಿತ್ತು. "ಬೀಜ ಒಂದ, ಮಳಿ ಒಂದ. ಕೈಗುಣ ಇರಬೇಕವಾ," ಎಂದೆ.

ಅಂಗೈ ನೋಡಿಕೊಳ್ಳುತ್ತ ಹೋದಳು. ಆಮೇಲೆ ಹಿತ್ತಲಲ್ಲಿ ಮೆಂತ್ಯೆ ಚೆಲ್ಲಲಿಕ್ಕೂ ಪಕ್ಕದ ಮನೆಯವಳನ್ನು ಕರೆಯುತ್ತಾಳೆಂದು ನನ್ನ ಹೆಂಡತಿ ಹೇಳಿದಳು. ತಂಗಿ ಚಿಕ್ಕವಳಿದ್ದಾಗಿನಿಂದ ನಮ್ಮ ಮನೆಯ ಮೊದಲ ಹಿಡಿ ಬೀಜ ಹಾಕುತ್ತಿದ್ದ ಕೈ ಅದು.

ಗೋವಿನಜೋಳ ತೆಗೆದ ಮೇಲೆ ಅಲಸಂದಿ ಬೀಜದ ಬುಟ್ಟಿ ಹೊತ್ತು ನನ್ನ ಬಾಗಿಲಿಗೆ ಬಂದಳು. "ಈ ಸಲ ನೀನ ಬಿತ್ತಿಕೊಡು. ನನ್ನ ಕೈ ನೆಟ್ಟಗಿಲ್ಲ."

ಬುಟ್ಟಿಗೆ ಕೈಯೊಡ್ಡಿದೆ, ಹಿಡಿಯಲಾಗಲಿಲ್ಲ. "ನಿನ್ನ ಕೈದಲ್ಲ ತಪ್ಪು. ಆ ಬಳ್ಳಿ ಎಲ್ಲಾ ನಾನ ಕಿತ್ತೊಯ್ದೇನಿ. ಒಂದ್ ಬೇರೂ ಬಿಟ್ಟಿಲ್ಲ."

ತಂಗಿ ಬುಟ್ಟಿಯನ್ನು ಕೆಳಗಿಟ್ಟಳು. "ನಾ ಬಳ್ಳಿ ಕಾಡಹಂದಿ ಕಿತ್ತಾವ ಅಂತ ತಿಳದ ಬೇಲಿ ಹಾಕಿಸಿದ್ನಲ್ಲ. ಹಂದಿ ಇಷ್ಟ ಚೊಕ್ಕ ಕೀಳಂಗಿಲ್ಲ ಅಂತ ನಮ್ಮನಿಯವರು ಆಗ ಅಂದಿದ್ರು." ಮತ್ತೆ ಹೇಳಿದಳು: "ಬಳ್ಳಿ ಹೋತು ಹೋಗಲಿ. ಕೈಗುಣ ಅಂದ್ಯಲ್ಲ ಅಣ್ಣಾ, ಅದು?"

ನಾನು ಮತ್ತೆ ಕಿಸೆಗೆ ಕೈ ಹಾಕಿದೆ.

"ಆ ಎಮ್ಮಿ ಸಗಣಿ ಎಲ್ಲೈತಿ?" ಎಂದು ಕೇಳಿದಳು.

"ತಿಪ್ಪ್ಯಾಗ."

"ತಂದ ಹೊಲಕ್ಕ ಹಾಕು. ಬಿತ್ತೂದು ನಾನ ಬಿತ್ತತೇನಿ."

ದಿನವಿಡೀ ಗೊಬ್ಬರ ಹೊತ್ತೆ. ಚಹಾದಂಗಡಿಯ ಮುಂದೆ ಒಬ್ಬರು, "ತಂಗಿ ಹೊಲಕ್ಕ ಗೊಬ್ಬರ ಹಾಕಾಕತ್ತೀರಿ? ದೊಡ್ಡ ಮನಸ್ರಿ ನಿಮ್ದು," ಎಂದರು. ಸಗಣಿ ಹೊತ್ತರೂ ಹೊಗಳಿಕೆ ನನ್ನ ಬೆನ್ನು ಬಿಡಲಿಲ್ಲ. ಬುಟ್ಟಿ ಇಳಿಸಿ, ಬೆಂಚಿನ ತುದಿಗೆ ಕುಳಿತು, ಮೊದಲಿನಿಂದ ಎಲ್ಲ ಹೇಳಿದೆ. ಈಗ ನಡುವಿನ ಜಾಗ ಖಾಲಿ ಇದ್ದರೂ ಯಾರೂ ಕರೆಯುವುದಿಲ್ಲ.

ಮರುದಿನ ಬದುವಿನ ಮೇಲೆ ನಿಂತಿದ್ದೆ. ತಂಗಿ ಮೊದಲ ಹಿಡಿ ಬೀಜವನ್ನು ತಾನೇ ತೆಗೆದುಕೊಂಡಳು. ಹಾಕುವ ಮುಂಚೆ ನನ್ನತ್ತ ತಿರುಗಿ, "ಆ ಮೂಲ್ಯಾಗ ಎರಡ ಬುಟ್ಟಿ ಗೊಬ್ಬರ ಕಡಿಮಿ ಬಿದ್ದೈತಿ," ಎಂದಳು.