ಒಳಗೆ ಮೇಷ್ಟ್ರಮ್ಮ ಕೂತವ್ರೆ

ಮದುವೆಗೆ ಮುಂಚೆ ಮೈಸೂರಿನಲ್ಲಿ ಲೈಬ್ರರಿ ಕೆಲಸದ ಸರ್ಟಿಫಿಕೇಟು ಪಡೆದಿದ್ದೆ. ಅಲ್ಲಿನ ಒಂದು ಕಾನ್ವೆಂಟಿನ ಪುಸ್ತಕದ ಕೋಣೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರು ಹೊಸ ಪುಸ್ತಕವನ್ನು ಬೆನ್ನು ಮುರಿಯದಂತೆ ತೆರೆಯುವ ಬಗೆಯನ್ನೂ ಹೇಳಿಕೊಟ್ಟಿದ್ದರು. ಮೊದಲು ಎರಡು ರಟ್ಟು, ಆಮೇಲೆ ಅತ್ತ ಕೆಲವು ಹಾಳೆ, ಇತ್ತ ಕೆಲವು ಹಾಳೆ, ಎಳೆಮಗುವಿನ ಮುಷ್ಟಿ ಬಿಡಿಸಿದ ಹಾಗೆ. ಪುಸ್ತಕಗಳ ನಡುವೆಯೇ ಒಂದು ಕೆಲಸ ಸಿಕ್ಕರೆ ಸಾಕು ಎಂಬ ಆಸೆ ಆಗಲೇ ಹತ್ತಿದ್ದು.

ಅರವತ್ತರ ದಶಕ ಮುಗಿಯುತ್ತಾ ಬಂದಾಗ ಮದುವೆಯಾಗಿ ಪಿರಿಯಾಪಟ್ಟಣಕ್ಕೆ ಬಂದೆ. ನಮ್ಮವರು ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟರು. ಊರಿನ ಗಂಡಸರಲ್ಲಿ ಬಹಳ ಮಂದಿ ಅವರ ಹತ್ತಿರ ಓದಿದವರು, ಪೆಟ್ಟು ತಿಂದವರು. ಹಾಗಾಗಿ ನಾನು ಊರಿಗೆಲ್ಲ ಮೇಷ್ಟ್ರಮ್ಮ.

ಹುಣಸೂರಿನ ಒಂದು ಶಾಲೆಗೆ ಹೋಗಿ ಕೆಲಸ ಕೇಳಿದೆ. ಹೊಲಿಗೆ ಕಲಿಸುವುದಾದರೆ ಬನ್ನಿ, ಪುಸ್ತಕದ ಬೀರುವಿನ ಬೀಗದ ಕೈಯೂ ನಿಮ್ಮ ಹತ್ತಿರವೇ ಇರಲಿ ಎಂದರು. ನನಗೆ ಗುಂಡಿ ಹಾಕುವಷ್ಟು ಮಾತ್ರ ಹೊಲಿಗೆ ಬರುತ್ತಿತ್ತು. ಕೆ.ಆರ್. ನಗರದ ವಾಚನಾಲಯದವರಿಗೆ ಬೇಕಾಗಿದ್ದುದು ಗಂಡಸು. ಕತ್ತಲಾದ ಮೇಲೆ ಬಾಗಿಲು ಹಾಕಿ ಹೋಗಬೇಕಲ್ಲ, ಎಂದರು. ವಾಪಸು ಬರುವ ಬಸ್ಸಿನಲ್ಲಿ ಕಾದಂಬರಿ ಬಿಚ್ಚಿಕೊಂಡು ಕೂರುತ್ತಿದ್ದೆ. ಓದುವವಳ ಮುಖ ನೋಡಿ ಹೋದ ಕೆಲಸ ಏನಾಯಿತೆಂದು ಯಾರೂ ಕೇಳುವುದಿಲ್ಲ.

ಅಷ್ಟರಲ್ಲಿ ನಮ್ಮೂರಿನ ವಾಚನಾಲಯ ನೋಡಿಕೊಳ್ಳುತ್ತಿದ್ದ ಮುದುಕರು ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಊರವರೇ ಕಮಿಟಿ ಮಾಡಿಕೊಂಡು ನಡೆಸುತ್ತಿದ್ದ ವಾಚನಾಲಯ ಅದು. ಕಾರ್ಯದರ್ಶಿಯಾಗಿದ್ದ ಬಟ್ಟೆ ಅಂಗಡಿಯ ಸಾಹೇಬರು ಮನೆಗೇ ಬಂದರು.

"ಒಂದು ತಿಂಗಳು ಕೂತು ನೋಡಿ ಅಮ್ಮಾ. ಜನ ಬರೋದು ಮುಖ್ಯ. ಬಂದ್ರೆ ಕೆಲಸ ನಿಮ್ದೇ. ಕಮಿಟೀಲಿ ನಾನು ಹೇಳ್ತೀನಿ."

ಬಸ್ ಸ್ಟ್ಯಾಂಡಿನ ಹಿಂದೆ ಒಂದೇ ಕೋಣೆ. ಉದ್ದನೆಯ ಮೇಜು, ಕುರ್ಚಿಗಳು, ಗೋಡೆಗೆ ಒರಗಿದ ಮೂರು ಬೀರು. ಕುರ್ಚಿಗಳ ಬೆನ್ನಿನ ಮೇಲೆ ತಲೆಯೆಣ್ಣೆಯ ಕರಿ ಗುರುತು. ಬಸ್ಸಿಗೆ ಕಾಯುವವರು, ಅಂಗಡಿಯವರು ಎಲ್ಲ ಅಲ್ಲಿ ಸೇರಿ ಒಬ್ಬ ಜೋರಾಗಿ ಪೇಪರು ಓದುವುದು, ಮಿಕ್ಕವರು ಬೀಡಿ ಸೇದುತ್ತಾ ಕೇಳುವುದು, ಮಧ್ಯೆ ಮಧ್ಯೆ ಸರ್ಕಾರಕ್ಕೆ ಬೈಯುವುದು ರೂಢಿ. ನಾನು ಧೂಳು ಹೊಡೆದೆ. ಹರಿದ ಪುಸ್ತಕಗಳಿಗೆ ಮೈದಾ ಅಂಟು ಕಾಸಿ ಬೆನ್ನು ಕಟ್ಟಿದೆ. ಕಥೆ ಒಂದು ಕಡೆ, ಚರಿತ್ರೆ ಒಂದು ಕಡೆ ಎಂದು ಬೇರೆ ಮಾಡಿ ಜೋಡಿಸಿದೆ.

ಮೊದಲ ಬೆಳಿಗ್ಗೆ ಹೊಸಿಲ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಆಮೇಲೆ ಪಿಸುಮಾತು.

"ಏ, ನಡೀಲಾ. ಒಳಗೆ ಮೇಷ್ಟ್ರಮ್ಮ ಕೂತವ್ರೆ."

"ಅಂಗಾರೆ ಪೇಪರು?"

"ಓಟ್ಲಲ್ಲೂ ಐತೆ, ಬಾ."

ನಾನು ಬಾಗಿಲಿಗೆ ಬಂದೆ. "ಬನ್ನಿ, ಒಳಗೆ ಕೂತು ಓದಿ" ಎಂದೆ. ಒಬ್ಬ ಉರಿಯುವ ಬೀಡಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ. ಬೆರಳು ಸುಟ್ಟಿರಬೇಕು, ಮುಖ ಕಿವುಚಿದ, ಆದರೂ ಕೈ ಮುಂದೆ ತರಲಿಲ್ಲ.

"ಬ್ಯಾಡ ಬುಡಿ ಅಮ್ಮಾರೆ. ನಿಮ್ಮುಂದೆ ಕುರ್ಚಿ ಮ್ಯಾಲೆ ಕೂರಕಾಯ್ತದಾ? ನಮ್ಗೆ ಅಕ್ಸರ ಕಲ್ಸಿದ ಮೇಷ್ಟ್ರ ಮನೆಯೋರು ನೀವು."

ಮರುದಿನವೂ ಹಾಗೇ. ಬಾಗಿಲಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡೆ. ಬೀರುವಿನ ಮರೆಗೆ ಸರಿದು ಕೂತೆ. ಮರೆಯಲ್ಲಿದ್ದರೂ ನಾನು ಇದ್ದೇನೆಂದು ಊರಿಗೆಲ್ಲ ಗೊತ್ತಿತ್ತು. ಹೆಂಗಸರಾದರೂ ಬರಲಿ ಎಂದು ಪರಿಚಯದ ಮನೆಗಳಿಗೆ ಹೋಗಿ ಕರೆದೆ. "ಅಯ್ಯೋ, ಅದು ಗಂಡಸ್ರು ಕೂರೋ ಜಾಗ ಕಣ್ರೀ" ಎಂದರು. ಈಗ ಗಂಡಸರೂ ಕೂರುತ್ತಿಲ್ಲ ಎಂದು ಯಾವ ಬಾಯಿಂದ ಹೇಳಲಿ?

ನಮ್ಮವರು ನನ್ನ ಸಪ್ಪೆ ಮುಖ ನೋಡಿ, "ನಾನೊಂದು ಮಾತು ಹೇಳ್ತೀನಿ, ಬರ್ತಾರೆ" ಎಂದರು. ಬೇಡವೆಂದರೂ ಹೇಳಿದರು. ಮಾರನೆಯ ದಿನ ನಾಲ್ಕೈದು ಜನ ತಲೆಗೆ ಎಣ್ಣೆ ಹಚ್ಚಿ, ಬಾಚಿಕೊಂಡು ಬಂದು ಸಾಲಾಗಿ ಕೂತರು. ಪೇಪರು ಹಿಡಿದವನು ಹಾಳೆಯನ್ನೇ ತಿರುಗಿಸಲಿಲ್ಲ. ನನಗೆ ಕೆಮ್ಮು ಬಂತು. ಒಬ್ಬ ದಡಕ್ಕನೆ ಎದ್ದು ನಿಂತ. ನಗು ಬಂದರೂ ನಗಲಿಲ್ಲ. ಹಿಂದೆಯೇ ಅಳುವೂ ಬಂದಿತ್ತು. "ನಿಮಗೆ ಕೆಲಸ ಇದ್ದರೆ ಹೊರಡಿ" ಎಂದೆ. ಸ್ಕೂಲು ಬಿಟ್ಟ ಹಾಗೆ ಹೊರಟೇ ಹೋದರು.

ಉಳಿದ ದಿನಗಳಲ್ಲಿ ನಾನು ಓದಿದೆ. ಅಷ್ಟು ಪುಸ್ತಕ, ಅಷ್ಟು ಮೌನ, ಒಲೆಯ ಮೇಲೆ ಹಾಲಿಟ್ಟು ಬಂದ ಭಯವಿಲ್ಲ. ಬದುಕಿನಲ್ಲಿ ನಾನು ಬೇಡಿದ್ದು ಅದನ್ನೇ. ಆದರೆ ಪುಟ ತಿರುಗಿಸುವ ಸದ್ದು ಆ ಖಾಲಿ ಕೋಣೆಯಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಚೆನ್ನಾಗಿದ್ದ ಒಂದು ಸಾಲನ್ನು ಓದಿ ತಲೆಯೆತ್ತಿದರೆ ಎದುರಿಗೆ ಕುರ್ಚಿಗಳು.

ತಿಂಗಳಾದ ಮೇಲೆ ಸಾಹೇಬರು ಬಂದರು. ಅವರೂ ಹೊಸಿಲಾಚೆಯೇ ನಿಂತರು.

"ನಿಮ್ಮ ಬಗ್ಗೆ ಒಬ್ಬರೂ ಒಂದು ಕೆಟ್ಟ ಮಾತು ಆಡಿಲ್ಲ ಅಮ್ಮಾ."

"ಗೊತ್ತು."

"ಅದೇ ಕಷ್ಟ ಆಗೋಯ್ತು ನೋಡಿ. ಬೈದಿದ್ರೆ ನಾನು ಜಗಳ ಆಡ್ತಿದ್ದೆ. ಮರ್ಯಾದೆ ಕೊಡೋರ ಹತ್ರ ಏನಂತ ಜಗಳ ಆಡ್ಲಿ?" ಅವರು ಟೋಪಿ ತೆಗೆದು, ಮಡಿಸಿ, ಮತ್ತೆ ಬಿಡಿಸಿ ಹಾಕಿಕೊಂಡರು. ನಾನು ಬೀಗದ ಕೈ ಕೊಟ್ಟೆ.

ಆ ಜಾಗಕ್ಕೆ ನಮ್ಮವರ ಹಳೆಯ ಶಿಷ್ಯನೊಬ್ಬ ಬಂದ. ಒಳ್ಳೆಯವನು, ಆದರೆ ಪುಸ್ತಕ ಓದುವವನಲ್ಲ. ವಾಚನಾಲಯ ಮತ್ತೆ ತುಂಬಿತು. ಆಮೇಲೆ ಕೆಲಸ ಕೇಳಿಕೊಂಡು ನಾನು ಎಲ್ಲಿಗೂ ಹೋಗಲಿಲ್ಲ. ಓದು ಮಾತ್ರ ಬಿಡಲಾಗಲಿಲ್ಲ. ಕೆಲವು ವಾರ ತಡೆದು, ಒಂದು ಸಂಜೆ ಪುಸ್ತಕ ಕೇಳಲು ಹೋದೆ. ಒಳಗೆ ಕಾಲಿಟ್ಟರೆ ಎಲ್ಲರೂ ಏಳುತ್ತಾರೆಂದು ಪಕ್ಕದ ಕಿಟಕಿಯ ಹತ್ತಿರ ನಿಂತೆ. ಆದರೂ ಒಳಗಿನ ಗದ್ದಲ ತಟ್ಟನೆ ನಿಂತಿತು.

"ತಾಳಿ ಅಮ್ಮಾರೆ, ತತ್ತೀನಿ" ಎಂದು ಆ ಶಿಷ್ಯ ಬೀರುವಿನ ಕಡೆ ಓಡಿದ. ಪುಸ್ತಕಗಳನ್ನೆಲ್ಲ ಈಗ ಎತ್ತರದ ಪ್ರಕಾರ ನಿಲ್ಲಿಸಿದ್ದ. ಒಂದನ್ನು ಎಳೆದು ಸರಳುಗಳ ಸಂದಿಯಿಂದ ಕೊಟ್ಟ. "ದಪ್ಪದ್ದೇ ತಂದಿವ್ನಿ. ಒಂದ್ ವಾರ ಬತ್ತದೆ."

ಅದನ್ನು ನಾನು ಎರಡು ಸಲ ಓದಿದ್ದೆ. ಬೇರೆ ಕೊಡಪ್ಪ ಎನ್ನಬಹುದಿತ್ತು. ಆದರೆ ಒಳಗೆ ಅಷ್ಟು ಜನ ಉಸಿರು ಬಿಗಿಹಿಡಿದು, ನಾನು ಹೋಗುವುದನ್ನೇ ಕಾಯುತ್ತಿದ್ದರು. "ಇದೇ ಸಾಕು" ಎಂದು ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೆ. ಬೀದಿಯ ತಿರುವು ಮುಟ್ಟುವ ಮೊದಲೇ ಹಿಂದೆ ಯಾರೋ ಜೋರಾಗಿ ಪೇಪರು ಓದಲು ಶುರುಮಾಡಿದ್ದು ಕೇಳಿಸಿತು.